‘ನೀವು ಇನ್ನೂ ಇದ್ದೀರಾ?’ ಎಂದು ಕೇಳುವ ತರಬೇತಿಗೆ ಕ್ಷೌರದಂಗಡಿಯಿಂದ ಒಂದು ಉತ್ತರ

ಶಿಕ್ಷಕರ ಆನ್‌ಲೈನ್ ತರಬೇತಿಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ತಮ್ಮ ಕಚೇರಿಯಿಂದ ಹೊರಟ ಆದೇಶವೊಂದು ಹೋದ ವಾರ ನಮ್ಮ ಮನೆಗೆ ಬಂತು. ಒಂದನೇ ತರಗತಿಗೆ ಓದು ಬರಹ ಕಲಿಸುವ ನನ್ನ ಹೆಂಡತಿಯನ್ನು ಆ ತರಗತಿಯಿಂದ ತೆಗೆದು, ಶಾಲೆಯ ಆಫೀಸು ಕೋಣೆಯಲ್ಲಿ ಕಾಗದ ಜೋಡಿಸುವ ಕೆಲಸಕ್ಕೆ ಕೂರಿಸಬೇಕು ಎಂದು ಅದರಲ್ಲಿತ್ತು. ಕಾರಣವನ್ನೂ ತಾವು ಕೊಟ್ಟಿದ್ದೀರಿ. ‘ಆರಂಭಿಕ ಓದು ಮತ್ತು ಬರಹ’ ಎಂಬ ತಮ್ಮ ಆನ್‌ಲೈನ್ ತರಬೇತಿಯಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಪಡೆದ ಶಿಕ್ಷಕಿಯು, ಕಲಿತದ್ದನ್ನು ತರಗತಿಯಲ್ಲಿ ಬಳಸದೆ ಉದ್ದೇಶಪೂರ್ವಕ ನಿರ್ಲಕ್ಷ್ಯ ತೋರಿದ್ದಾರಂತೆ. ಮುಂದಿನ ತಂಡದ ತರಬೇತಿ ಶುರುವಾದಾಗ ಅವರು ಮೊದಲಿನಿಂದ ಮತ್ತೆ ಕೋರ್ಸು ಮಾಡಬೇಕಂತೆ. ಅಲ್ಲಿಯವರೆಗೆ ಮಕ್ಕಳ ಬಳಿ ಹೋಗಕೂಡದಂತೆ. ಸ್ವಾಮಿ, ಆದೇಶ ತಪ್ಪು ವಿಳಾಸಕ್ಕೆ ಬಂದಿದೆ. ಆ ತೊಂಬತ್ತೆಂಟು ಅಂಕ ನನ್ನವು. ನಾನು ಕ್ಷೌರಿಕ. ಶಾಲೆಯ ಬೀದಿಯ ತುದಿಯಲ್ಲಿ ಎರಡು ಕುರ್ಚಿ, ಒಂದು ಬೆಂಚು, ಒಂದು ದೊಡ್ಡ ಕನ್ನಡಿ ಇರುವ ಅಂಗಡಿ ನನ್ನದು. ನಾನು ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ.

ಈ ಸತ್ಯವನ್ನು ನಾನು ಮೊದಲ ಸಲ ಹೇಳುತ್ತಿಲ್ಲ. ಆದೇಶ ಬಂದ ದಿನವೇ ನನ್ನ ಹೆಂಡತಿ ತಮ್ಮ ಕಚೇರಿಗೆ ಬರೆದಳು, ‘ಕೋರ್ಸು ಮಾಡಿದ್ದು ನಾನಲ್ಲ, ನನ್ನ ಗಂಡ, ಫೋನು ಕೊಟ್ಟದ್ದು ಮಾತ್ರ ನಾನು’ ಎಂದು. ಅದಕ್ಕೆ ತಮ್ಮಿಂದ ತಕ್ಷಣ ಉತ್ತರ ಬಂತು: ‘ನಿಮ್ಮ ಅನಿಸಿಕೆಗೆ ಧನ್ಯವಾದ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಹೀಗಾಗಿ ಊರೆಲ್ಲ ಓದುವಂತೆ ಪತ್ರಿಕೆಗೇ ಬರೆಯುತ್ತಿದ್ದೇನೆ. ನನ್ನ ಕಾಗುಣಿತವನ್ನು ಹೆಂಡತಿ ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟಿದ್ದಾಳೆ. ವಿಷಯಕ್ಕೆ ಕೈ ಹಾಕಿಲ್ಲ. ‘ಅದು ನಿಮ್ಮದು, ನೀವೇ ಹೊತ್ಕೊಳ್ಳಿ’ ಅಂದಳು.

ಮದುವೆಯಾದಾಗ ಅವಳು ಹತ್ತನೇ ತರಗತಿ ಫೇಲು, ನಾನು ನಾಲ್ಕನೇ ತರಗತಿ ಪಾಸು. ನಮ್ಮ ಮನೆಯಲ್ಲಿ ಪಾಸಾದವನು ನಾನೊಬ್ಬನೇ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಆಮೇಲೆ ಅವಳು ಮತ್ತೆ ಓದಿದಳು, ಪಾಸಾದಳು, ಟೀಚರ್ ಆದಳು, ನನ್ನ ಆ ಜೋಕನ್ನು ಕಿತ್ತುಕೊಂಡಳು. ಈಗ ಅವಳ ಕೋಣೆಯಲ್ಲಿ ಒಂದು ಬೆಂಚಿಗೆ ಮೂವರು ಕೂರಬೇಕಾದ ಕಡೆ ಐವರು ಕೂರುತ್ತಾರೆ. ಒಬ್ಬನಿಗೆ ಮೂಗು ಒರೆಸಿ ತಿರುಗುವಷ್ಟರಲ್ಲಿ ಇನ್ನೊಬ್ಬಳು ಚಪ್ಪಲಿ ಕಳೆದುಕೊಂಡಿರುತ್ತಾಳೆ. ಇಷ್ಟರ ನಡುವೆ ಅಕ್ಷರ ಕಲಿಸಬೇಕು. ಸಂಜೆ ಮನೆಗೆ ಬಂದು ಒಲೆ ಹಚ್ಚಬೇಕು, ಮಕ್ಕಳ ಪುಸ್ತಕ ತಿದ್ದಬೇಕು. ಅದೆಲ್ಲ ಮುಗಿದ ಮೇಲೆ ತಮ್ಮ ತರಬೇತಿ. ಶಾಲೆಯ ಹೊತ್ತಿನಲ್ಲಿ ಅದನ್ನು ನೋಡಕೂಡದು ಎಂಬುದು ತಮ್ಮದೇ ನಿಯಮ. ಸರಿ, ಶಾಲೆಯ ಹೊತ್ತು ಮಕ್ಕಳದ್ದು. ಹಾಗಾದರೆ ಉಳಿದ ಹೊತ್ತು ಯಾರದ್ದು ಮಾನ್ಯರೇ? ಅದು ತಮ್ಮದು ಎಂದು ತೀರ್ಮಾನಿಸುವ ಮೊದಲು ಯಾರನ್ನಾದರೂ ಕೇಳಿದ್ದಿರಾ?

ತಮ್ಮ ಪಾಠದ ವಿಡಿಯೋವನ್ನು ಬೇಗ ಬೇಗ ಮುಂದಕ್ಕೆ ಓಡಿಸಿ ನೋಡುವಂತಿಲ್ಲ. ಪಾಪ, ಟೀಚರುಗಳು ಕಳ್ಳರಿರಬಹುದು ಎಂಬ ಅನುಮಾನ ತಮಗೆ. ಅದಕ್ಕೇ ಆಗಾಗ ಪರದೆಯ ಮೇಲೆ ಒಂದು ಪ್ರಶ್ನೆ ಏಳುತ್ತದೆ: ‘ನೀವು ಇನ್ನೂ ಇದ್ದೀರಾ?’ ಅದರ ಕೆಳಗೆ ಹಸಿರು ಗುಂಡಿ: ‘ಹೌದು, ಇದ್ದೇನೆ.’ ಒತ್ತದಿದ್ದರೆ ಪಾಠ ಮೊದಲಿನಿಂದ ಶುರು. ಇನ್ನೂ ಮುಗಿಸದವರ ಹೆಸರು ಬೆಳಗಾದರೆ ಎಲ್ಲ ಟೀಚರುಗಳ ಫೋನಿನಲ್ಲಿ ಕೆಂಪು ಅಕ್ಷರದಲ್ಲಿ. ಒಂದು ಸಂಜೆ ನನ್ನ ಹೆಂಡತಿ ಮಕ್ಕಳ ಪುಸ್ತಕಗಳ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗಿದ್ದಳು. ಕೈಯಲ್ಲಿ ಫೋನು, ಅದರಲ್ಲಿ ತಮ್ಮ ತರಬೇತುದಾರ ಮೇಡಂ. ಇದ್ದೀರಾ ಎಂದು ಫೋನು ಕೇಳಿತು, ಇವಳು ಇರಲಿಲ್ಲ. ಮೇಡಂ ಮತ್ತೆ ಬಂದು ‘ನಮಸ್ಕಾರ, ಬನ್ನಿ ಕಲಿಯೋಣ’ ಅಂದರು. ಅದೇ ನಮಸ್ಕಾರವನ್ನು ಮೂರನೇ ಸಲ ಕೇಳಿದಾಗ ನಾನೇ ಫೋನನ್ನು ಅವಳ ಕೈಯಿಂದ ಬಿಡಿಸಿಕೊಂಡೆ. ಅವಳಿಗೆ ಎಚ್ಚರವಾಯಿತು.

‘ಯಾಕ್ರೀ, ಕೊಡಿ ಇಲ್ಲಿ.’

‘ನೀನು ಮಲಕ್ಕೋ. ಹೌದು ಇದ್ದೀನಿ ಅಂತ ಒತ್ತೋದು ತಾನೆ, ಅದಕ್ಕೆ ಡಿಗ್ರಿ ಬೇಕಾ?’

‘ಕೊನೇಲಿ ಪ್ರಶ್ನೆ ಕೇಳ್ತಾರೆ ಕಣ್ರೀ.’

‘ಕೇಳಲಿ ಬಿಡು. ನನ್ನ ಅಂಗಡೀಲಿ ಉತ್ತರ ಸಿಗದ ಪ್ರಶ್ನೆ ಇದುವರೆಗೆ ಹುಟ್ಟಿಲ್ಲ.’

ಅವಳು ನಕ್ಕಳು. ನಾನು ಅವಳನ್ನು ನಗಿಸಿ ಏನೆಲ್ಲ ಮಾಡಿಸಿಕೊಂಡಿದ್ದೇನೆ ಎಂದು ಲೆಕ್ಕ ಹಾಕಿದರೆ ಇನ್ನೊಂದು ಪತ್ರ ಬೇಕು. ಮರುದಿನ ಶಾಲೆಗೆ ಹೋಗುವಾಗ ಅವಳು ಫೋನನ್ನು ಅಂಗಡಿಯಲ್ಲಿ ಬಿಟ್ಟುಹೋದಳು. ಅಂದಿನಿಂದ ತಮ್ಮ ತರಬೇತಿ ನಡೆದದ್ದು ನನ್ನ ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಪೌಡರ್ ಡಬ್ಬಕ್ಕೂ ಬಾಚಣಿಗೆ ಲೋಟಕ್ಕೂ ನಡುವೆ, ಅದೂ ಶಾಲೆಯ ಹೊತ್ತಿನಲ್ಲೇ. ತಮ್ಮ ಪರದೆ ಅದನ್ನೂ ಗಮನಿಸಲಿಲ್ಲ.

ತಾವು ಎಂದಾದರೂ ಕೈಯಲ್ಲಿ ಕತ್ತಿ ಹಿಡಿದು ಮಕ್ಕಳ ಮೊದಲ ಗೀಚುಬರಹದ ಬಗ್ಗೆ ಕೇಳಿದ್ದೀರಾ? ನಾನು ಕೇಳಿದ್ದೇನೆ. ಬೆರಳೆಲ್ಲ ಸೋಪಿನ ನೊರೆ ಇದ್ದಾಗ ‘ಇದ್ದೀರಾ’ ಎಂದು ಕೇಳಿದರೆ ಮೊಣಕೈಯಲ್ಲಿ ಒತ್ತುತ್ತಿದ್ದೆ. ಒಮ್ಮೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೇ ಮುಂದಕ್ಕೆ ಬಗ್ಗಿ, ‘ಇದ್ದೀನಿ ಕಣಮ್ಮ, ಎಲ್ಲಿಗೆ ಹೋಗ್ಲಿ ಈ ಮುಖ ಇಟ್ಕೊಂಡು’ ಎಂದು ಒತ್ತಿದ. ಬೆಂಚಿನ ಮೇಲೆ ಯಾವಾಗಲೂ ಇಬ್ಬರು ಖಾಯಂ. ಒಬ್ಬ, ಕೆಲಸದಿಂದ ನಿವೃತ್ತನಾದ ಅಂಚೆಯವನು, ನಮಗೆಲ್ಲ ಅಂಚೆಯಣ್ಣ. ಇನ್ನೊಬ್ಬ ಪಕ್ಕದಂಗಡಿಯ ದರ್ಜಿ. ಅವನ ಹೊಲಿಗೆ ಯಂತ್ರಕ್ಕಿಂತ ಬಾಯಿಗೇ ಹೆಚ್ಚು ಕೆಲಸ. ಪಾಠದ ಕೊನೆಯಲ್ಲಿ ಪರೀಕ್ಷೆ ಬಂದಾಗ ಇಬ್ಬರೂ ಎದ್ದು ನನ್ನ ಹೆಗಲ ಹಿಂದೆ ನಿಲ್ಲುತ್ತಿದ್ದರು. ಪ್ರಶ್ನೆಗೆ ನಾಲ್ಕು ಉತ್ತರ, ಒಂದನ್ನು ಆರಿಸಬೇಕು. ಮೊದಲೆರಡು ಪಾಠಗಳಲ್ಲಿ ನಾವು ನಿಜವಾಗಿ ಯೋಚಿಸಿ ಆರಿಸಿದೆವು, ಬರೀ ತಪ್ಪಾಯಿತು. ತಮ್ಮ ಕೃಪೆ, ಒಂದೇ ಪರೀಕ್ಷೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದಿತ್ತು. ಆಮೇಲೆ ಅಂಚೆಯಣ್ಣ ಕನ್ನಡಕ ಏರಿಸಿ ಒಂದು ಗುಟ್ಟು ಕಂಡುಹಿಡಿದ.

‘ಲೇ, ಓದ್ಬೇಡ. ಅಳತೆ ನೋಡು. ಯಾವುದು ಉದ್ದ ಇದೆಯೋ ಅದೇ ಸರಿ ಉತ್ತರ.’

‘ಅದು ಹೆಂಗಣ್ಣ?’

‘ತಪ್ಪು ಉತ್ತರ ಬರೆಯೋಕೆ ಯಾರು ಕಷ್ಟ ಪಡ್ತಾರೋ? ಸರಿ ಉತ್ತರಕ್ಕೆ ಮಾತ್ರ ಅವರು ಬಾಲ ಸೇರಿಸ್ತಾರೆ.’

ದರ್ಜಿ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನೇ ತಂದು ಪರದೆಗೆ ಹಿಡಿದ. ಅವತ್ತಿನಿಂದ ನಮಗೆ ಪೂರಾ ಅಂಕ. ಮಾನ್ಯರೇ, ಚಿಕ್ಕ ಮಕ್ಕಳಿಗೆ ಓದು ಕಲಿಸುವವರಿಗಾಗಿ ತಾವು ಇಟ್ಟ ಪರೀಕ್ಷೆಯನ್ನು ಮೂವರು ಗಂಡಸರು ಓದದೆಯೇ ಪಾಸು ಮಾಡಿದೆವು. ಇದನ್ನು ತಮ್ಮ ತಂತ್ರಜ್ಞಾನದ ಸಾಧನೆ ಎಂದು ತಿಳಿಯುವುದೋ, ನಮ್ಮದೋ? ಪ್ರಶಸ್ತಿ ಕೊಡುವುದಾದರೆ ಟೇಪಿಗೆ ಕೊಡಿ.

ಇಷ್ಟಕ್ಕೇ ನಿಂತಿದ್ದರೆ ನಾನೂ ‘ಹೆಂಡತಿಗೆ ಸಹಾಯ ಮಾಡಿದೆ’ ಎಂದು ಎದೆ ಸೆಟೆಸಿ ಬರೆಯಬಹುದಿತ್ತು. ಆದರೆ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಇದು. ನನಗೆ ರುಚಿ ಹತ್ತಿತು. ಪ್ರತಿ ಪಾಠ ಮುಗಿದಾಗ ಪರದೆಯ ಮೇಲೆ ಬಣ್ಣದ ಕಾಗದಗಳು ಉದುರುತ್ತವೆ, ‘ಅಭಿನಂದನೆಗಳು, ಅತ್ಯುತ್ತಮ’ ಎಂದು ಬರುತ್ತದೆ. ನನ್ನ ಬದುಕಿನಲ್ಲಿ ಯಾರೂ ನನಗೆ ಅತ್ಯುತ್ತಮ ಅಂದದ್ದಿಲ್ಲ. ನಾಲ್ಕನೇ ತರಗತಿಯಲ್ಲಿ ಮೇಷ್ಟ್ರು ಅಂದದ್ದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ನಾನು ಗಿರಾಕಿಗಳಿಗೆಲ್ಲ ಫೋನು ತೋರಿಸಿದೆ. ಬೇಡ ಅಂದವರಿಗೂ ತೋರಿಸಿದೆ, ಕತ್ತಿಯ ಕೆಳಗೆ ಕತ್ತು ಇಟ್ಟವನು ಎಲ್ಲಿಗೆ ಓಡುತ್ತಾನೆ. ಅಂಕ ಹೆಂಡತಿಯ ಹೆಸರಿಗೆ ಬೀಳುತ್ತಿತ್ತು, ಮೀಸೆ ನನ್ನದು ತಿರುಗುತ್ತಿತ್ತು.

ಇನ್ನು ಗುಬ್ಬಿಯ ವಿಷಯ. ಗುಬ್ಬಿ ಎಂದರೆ ನನ್ನ ಹೆಂಡತಿಯ ತರಗತಿಯ ಒಬ್ಬ ಹುಡುಗಿ. ಮನೆಗಳಿಗೆ ಬಣ್ಣ ಬಳಿಯುವವನ ಮಗಳು. ಮೈಯೆಲ್ಲ ಸೇರಿಸಿದರೂ ಒಂದು ಹಿಡಿ, ಗಂಟಲು ಮಾತ್ರ ಇಡೀ ಬೀದಿಗೆ ಸಾಕು, ಅದಕ್ಕೇ ಆ ಹೆಸರು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವಳು ಅವಳೇ ಎಂದು ನನ್ನ ಹೆಂಡತಿಗೆ ಹೆಮ್ಮೆ. ಅಪ್ಪನಿಗೆ ಓದು ಬರಹ ಬರದು. ಅವನ ಹೆಮ್ಮೆಗೆ ಹೋಲಿಸಿದರೆ ನನ್ನ ಹೆಂಡತಿಯದ್ದು ಏನೂ ಅಲ್ಲ. ಒಂದು ಭಾನುವಾರ ಅವನು ಮಗಳ ಕೂದಲು ಕತ್ತರಿಸಲು ಅಂಗಡಿಗೆ ಬಂದ. ಕುರ್ಚಿಯ ಮೇಲೆ ಹಲಗೆ ಇಟ್ಟು ಅವಳನ್ನು ಕೂರಿಸಿದೆ. ಗೋಡೆಯ ಮೇಲೆ ನನ್ನ ಬೆಲೆಪಟ್ಟಿ ಇದೆ, ಕಟಿಂಗಿಗೆ ಇಷ್ಟು, ಗಡ್ಡಕ್ಕೆ ಇಷ್ಟು ಎಂದು.

‘ಎಲ್ಲಿ, ಅದನ್ನ ಓದು ಮಗಳೇ, ಅಂಕಲ್ ಕೇಳಲಿ’ ಅಂದ ಅಪ್ಪ.

ಗುಬ್ಬಿ ಬೆಲೆಪಟ್ಟಿಯತ್ತ ಬೆರಳು ತೋರಿಸಿ, ಸಾಲಿನಿಂದ ಸಾಲಿಗೆ ಬೆರಳು ಜಾರಿಸುತ್ತ ಓದಿದಳು: ‘ಆಡು ಬಂತು. ಆಡು ಬಾವಿ ನೋಡಿತು. ಬಾವಿ ಒಳಗೆ ಇನ್ನೊಂದು ಆಡು. ಆಡು ನಕ್ಕಿತು, ಅದೂ ನಕ್ಕಿತು.’

ಅವಳ ಪಠ್ಯಪುಸ್ತಕದ ಪಾಠ ಅದು. ನಾವು ಬಿದ್ದು ಬಿದ್ದು ನಕ್ಕೆವು. ‘ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಈ ಆಡು ನಿನ್ನ ಬೆಲೆಪಟ್ಟೀನೂ ಬಿಡಲಿಲ್ಲ ನೋಡೋ’ ಅಂದ ದರ್ಜಿ. ಅಪ್ಪನಿಗೆ ನಾವು ಯಾಕೆ ನಗುತ್ತಿದ್ದೇವೆ ಎಂದು ಗೊತ್ತಾಗಲಿಲ್ಲ, ಮಗಳು ಚೆನ್ನಾಗಿ ಓದಿದ್ದಕ್ಕೆ ಎಂದುಕೊಂಡು ಅವನೂ ನಕ್ಕ. ನಾನು ಗುಬ್ಬಿಗೆ ಚಪ್ಪಾಳೆ ತಟ್ಟಿ ಒಂದು ಪುಟ್ಟ ಬಾಚಣಿಗೆ ಬಹುಮಾನ ಕೊಟ್ಟೆ. ಮಾನ್ಯರೇ, ಆ ಭಾನುವಾರಕ್ಕೆ ಸ್ವಲ್ಪ ಮುಂಚೆಯಷ್ಟೇ ತಮ್ಮ ತರಬೇತಿಯ ಒಂದು ಪಾಠವನ್ನು ನಾನು ಪೂರಾ ಅಂಕ ತೆಗೆದು ಮುಗಿಸಿದ್ದೆ. ಆ ಪಾಠದ ಹೆಸರು ‘ಓದುವ ಮಗು, ಒಪ್ಪಿಸುವ ಮಗು’. ಅಕ್ಷರ ನೋಡದೆ, ಕೇಳಿ ಕೇಳಿ ಬಾಯಿಪಾಠವಾದ ಪುಟವನ್ನು ಹೇಳುವ ಮಗುವನ್ನು ಟೀಚರ್ ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ. ಅಂಥ ಮಗು ನನ್ನ ಕೈಯಳತೆಯಲ್ಲೇ ಕೂತು, ನನ್ನದೇ ಗೋಡೆ ನೋಡಿ ಆಡಿನ ಕಥೆ ಹೇಳಿತು. ಮನೆಗೆ ಹೋಗಿ ಹೆಂಡತಿಗೂ ಹೇಳಲಿಲ್ಲ. ಜೋಕನ್ನು ಅಂಗಡಿಯಲ್ಲೇ ಖರ್ಚು ಮಾಡಿ ಮುಗಿಸಿದ್ದೆ.

ಕೋರ್ಸು ಮುಗಿಯಿತು. ಅಂಕ ನೋಡಿ ತಮ್ಮ ಕಚೇರಿಗೆ ಸಂತೋಷವಾಯಿತು. ಸುತ್ತಲಿನ ಎಲ್ಲ ಶಾಲೆಗಳ ಟೀಚರುಗಳು ತಮ್ಮ ತಮ್ಮ ಪರದೆಯ ಮೇಲೆ ನೋಡುವಂತೆ, ಒಂದು ಮಾದರಿ ಪಾಠ ಮಾಡಲು ನನ್ನ ಹೆಂಡತಿಯನ್ನೇ ಆರಿಸಿದಿರಿ. ಆ ಸುದ್ದಿ ತಂದ ಸಂಜೆ ಅವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ಬಂದು ನಿಂತಳು.

‘ಈಗೇನ್ರೀ ಮಾಡೋದು? ಅದರಲ್ಲಿ ಏನಿದೆ ಅಂತಾನೇ ನನಗೆ ಗೊತ್ತಿಲ್ವಲ್ಲ.’

‘ಅದಕ್ಯಾಕೆ ಯೋಚನೆ? ನಿನ್ನ ಸೀರೆ ಕೊಡು, ನಾನೇ ಹೋಗಿ ಬರ್ತೀನಿ.’

‘ಮೀಸೆ?’

‘ಹೆಂಗೂ ಕತ್ತಿ ನನ್ನ ಹತ್ರಾನೇ ಇದೆ.’

ಈ ಸಲ ಅವಳು ನಗಲಿಲ್ಲ. ಆಗುವುದಿಲ್ಲ ಎಂದು ಹೇಳಿಬಿಡೋಣ ಅಂದಳು. ಆದರೆ ಮುಖ್ಯೋಪಾಧ್ಯಾಯಿನಿ ಆಗಲೇ ತರಗತಿಯ ಗೋಡೆಗೆ ಬಣ್ಣ ಹೊಡೆಸಲು ಗುಬ್ಬಿಯ ಅಪ್ಪನನ್ನೇ ಕರೆಸಿಯಾಗಿತ್ತು. ಆಮೇಲೆ ನಾವಿಬ್ಬರೂ ಸೇರಿ ನಮಗೇ ಸಮಾಧಾನ ಹೇಳಿಕೊಂಡೆವು. ಇಷ್ಟು ವರ್ಷ ಕಲಿಸಿದ್ದಾಳೆ, ಅದನ್ನೇ ಮಾಡಿದರಾಯಿತು. ಹೇಗೂ ಗುಬ್ಬಿ ಇದ್ದಾಳೆ. ಗುಬ್ಬಿ ಓದಿದರೆ ಎಲ್ಲರೂ ತಲೆದೂಗುತ್ತಾರೆ.

ಆ ದಿನ ಅಂಗಡಿಗೆ ಬಾಗಿಲು ಹಾಕಿ, ಒಗೆದ ಶರ್ಟು ಹಾಕಿಕೊಂಡು ನಾನೂ ಹೋದೆ. ಹಿಂದಿನ ಬೆಂಚಿನಲ್ಲಿ ನಾನು, ನನ್ನ ಪಕ್ಕದಲ್ಲಿ ಗುಬ್ಬಿಯ ಅಪ್ಪ. ಅವನ ಉಗುರಿನ ಸಂದಿಯಲ್ಲಿ ಆ ಕೋಣೆಯದೇ ಹೊಸ ಬಣ್ಣ ಇನ್ನೂ ಇತ್ತು. ಮುಂದೆ ಮೂರು ಕಾಲಿನ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ತಮ್ಮ ಕಚೇರಿಯಿಂದ ಬಂದ ಒಬ್ಬಳು ಯುವ ಅಧಿಕಾರಿ. ಒಳ್ಳೆಯವಳು ಆಕೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಂದವಳೇ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತಳು. ನನ್ನ ಹೆಂಡತಿ ಆಡಿನ ಪಾಠ ಮಾಡಿದಳು. ಗುಬ್ಬಿ ಎದ್ದು ಓದಿದಳು, ಎಂಥ ಓದು ಅದು, ಬಾವಿ ಬಂದಾಗ ಬಗ್ಗಿದಳು, ಆಡು ನಕ್ಕಾಗ ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಪ್ಪ ನನ್ನ ಮೊಣಕೈ ಹಿಡಿದುಕೊಂಡ.

ಆ ಅಧಿಕಾರಿ ಪ್ರೀತಿಯಿಂದಲೇ ಒಂದು ಹಾಳೆ ತೆಗೆದು ಗುಬ್ಬಿಯ ಕೈಗೆ ಕೊಟ್ಟಳು. ಅವೇ ಪದಗಳು, ಬೇರೆ ಕಥೆ. ಚಿತ್ರ ಇಲ್ಲ. ‘ಇದನ್ನೂ ಓದ್ತೀಯಾ ಪುಟ್ಟಾ?’ ಗುಬ್ಬಿ ಹಾಳೆ ಹಿಡಿದು, ಅದೇ ಗಂಟಲಿನಲ್ಲಿ, ‘ಆಡು ಬಂತು, ಆಡು ಬಾವಿ ನೋಡಿತು’ ಎಂದು ಶುರು ಮಾಡಿದಳು. ಪಾಠ ನೋಡುತ್ತಿದ್ದ ಟೀಚರುಗಳಲ್ಲಿ ಯಾರದೋ ನಗು ಪರದೆಯ ಆಚೆಯಿಂದ ಕೇಳಿಸಿತು. ಅಧಿಕಾರಿ ಮೆಲ್ಲಗೆ, ‘ಇದರಲ್ಲಿ ಬಾವಿ ಅಂತ ಎಲ್ಲಿದೆ, ತೋರಿಸು’ ಅಂದಳು. ಗುಬ್ಬಿ ಹಾಳೆಯನ್ನು ನೋಡಿದಳು. ತಿರುಗಿಸಿ ನೋಡಿದಳು. ಚಿತ್ರ ಹುಡುಕುತ್ತಿದ್ದಳು ಎಂದು ಈಗ ನನಗೆ ಗೊತ್ತು. ಮತ್ತೆ ‘ಆಡು ಬಂತು’ ಅಂದಳು, ಈ ಸಲ ಅರ್ಧ ದನಿಯಲ್ಲಿ. ಆಮೇಲೆ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಆ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು, ‘ಸಾಕು, ಬಾ ಮಗಳೇ’ ಎಂದು ಪಕ್ಕಕ್ಕೆ ಎಳೆದುಕೊಂಡಳು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು.

ಅಪ್ಪ ನನ್ನ ಮೊಣಕೈ ಬಿಡದೆ ಕೇಳಿದ, ‘ಏನಾಯ್ತಣ್ಣ? ಓದಿದ್ಳಲ್ಲ?’

ನನ್ನ ಹತ್ತಿರ ಜೋಕು ಇರಲಿಲ್ಲ ಮಾನ್ಯರೇ. ಆ ಹೊತ್ತಿಗೆ ನನ್ನ ತಲೆಯಲ್ಲಿ ತಮ್ಮ ಪಾಠದ ಹೆಸರು ಗಂಟೆ ಹೊಡೆದ ಹಾಗೆ ಹೊಡೆದುಕೊಳ್ಳುತ್ತಿತ್ತು. ನನ್ನ ಬೆಲೆಪಟ್ಟಿ ಕಣ್ಣ ಮುಂದೆ ಬಂತು. ಬಾಚಣಿಗೆ ಕೊಟ್ಟ ನನ್ನ ಕೈಯೂ ಬಂತು.

ಮನೆಗೆ ಬಂದ ಮೇಲೆ ಎಲ್ಲವನ್ನೂ ಹೆಂಡತಿಗೆ ಹೇಳಿದೆ, ಬೆಲೆಪಟ್ಟಿಯ ಕಥೆ, ಅದರ ಪಾಠವನ್ನು ನಾನು ಆಗಲೇ ಮುಗಿಸಿದ್ದೆ ಎಂಬುದು, ಎಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತು, ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿದಳು.

‘ಸರಿ, ಹೇಳಿ. ಅಂಥ ಮಗು ಸಿಕ್ಕರೆ ಏನ್ ಮಾಡ್ಬೇಕು ಅಂದ್ರು? ಯಾವುದರಿಂದ ಶುರು ಮಾಡ್ಬೇಕಂತೆ?’

ನಾನು ಯೋಚಿಸಿದೆ. ನಿಜವಾಗಿ ಯೋಚಿಸಿದೆ. ಆ ಪಾಠದ ಮೇಡಂಗೆ ಎಡಗಡೆ ಬೈತಲೆ. ಕಿವಿಯ ಹಿಂದೆ ಕೂದಲಿಗೆ ಹಚ್ಚಿದ ಬಣ್ಣ ಸರಿಯಾಗಿ ಕೂತಿರಲಿಲ್ಲ. ಮುಂಗೂದಲನ್ನು ಯಾರೋ ಅವಸರದಲ್ಲಿ ಕತ್ತರಿಸಿದ್ದರು. ಇಷ್ಟು ನೆನಪಿದೆ.

‘ಅವರ ಕೂದಲು ನೆನಪಿದೆ’ ಅಂದೆ.

ಅವಳು ಎದ್ದು ಕುರ್ಚಿಯನ್ನು ಮೊದಲಿದ್ದಲ್ಲಿಗೆ ಸರಿಸಿದಳು. ಆಮೇಲೆ, ‘ಆ ಪಾಠ ನಾನೇ ನೋಡ್ತೀನಿ ಅಂದಿದ್ದೆ ಅಲ್ವಾ’ ಅಂದಳು. ಅಷ್ಟೇ.

ಅಂದಿದ್ದಳು. ಇದನ್ನು ಬರೆಯದೆ ಬಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಅದನ್ನು ಬಿಟ್ಟರೆ ಈ ಪತ್ರವೂ ಬಾಯಿಪಾಠವೇ ಆಗುತ್ತದೆ. ಪಾಠಗಳ ಪಟ್ಟಿಯಲ್ಲಿ ಆ ಹೆಸರು ನೋಡಿ ಒಂದು ಬೆಳಗ್ಗೆ ಅವಳು, ‘ಇವತ್ತಿಂದು ನನಗೆ ಬಿಡಿ, ಇದು ನನಗೆ ಬೇಕಾದ್ದು’ ಅಂದಿದ್ದಳು. ‘ಬೇಡ ಕಣೇ, ನಾನು ಆಗಲೇ ಶುರು ಮಾಡಿದೀನಿ, ನಡುವೆ ನೀನು ಕೈ ಹಾಕಿದ್ರೆ ನನ್ನ ಮಾರ್ಕ್ಸ್ ಹಾಳಾಗುತ್ತೆ’ ಅಂದೆ ನಾನು. ತಮಾಷೆಗೆ ಅಂದದ್ದಲ್ಲ. ತಮಾಷೆಯ ದನಿಯಲ್ಲಿ ಅಂದದ್ದು, ಅಷ್ಟೇ. ಇಷ್ಟು ವರ್ಷ ಜನರನ್ನು ನಗಿಸಿದವನಿಗೆ ಆ ಎರಡರ ವ್ಯತ್ಯಾಸ ಗೊತ್ತಿರಬೇಕಿತ್ತು. ಅವಳಿಗೆ ನಿದ್ದೆ ಕೊಡುತ್ತೇನೆ ಎಂದು ಕೈ ಚಾಚಿದವನು, ಅವಳು ಎಚ್ಚರವಾಗಿ ಕೇಳಿದ ಒಂದೇ ಒಂದು ಪಾಠವನ್ನೂ ನುಂಗಿದೆ. ಹಸಿದವರ ತಟ್ಟೆಯಿಂದ ಕಿತ್ತು ತಿಂದು, ರುಚಿ ಹೇಗಿತ್ತು ಎಂದು ಕೇಳಿದರೆ ತಟ್ಟೆಯ ಬಣ್ಣ ಹೇಳಿದ ಹಾಗಾಯಿತು.

ಆ ಪಾಠವನ್ನು ಮತ್ತೆ ತೆರೆದು ನೋಡೋಣ ಎಂದು ಅವತ್ತೇ ಫೋನು ಹಿಡಿದೆವು. ಬೀಗ. ‘ನೀವು ಈ ಕೋರ್ಸನ್ನು ಯಶಸ್ವಿಯಾಗಿ ಪೂರ್ಣಗೊಳಿಸಿದ್ದೀರಿ.’ ಎಷ್ಟು ಒತ್ತಿದರೂ ಅದೇ ಮಾತು. ಮಾನ್ಯರೇ, ಇದು ಯಾವ ಊರಿನ ನ್ಯಾಯ? ನನ್ನ ಹೆಂಡತಿಯ ತರಗತಿಯ ಹರಿದ ಪುಸ್ತಕವನ್ನು ಕೂಡ ಎಷ್ಟು ಸಲ ಬೇಕಾದರೂ ತಿರುವಿ ನೋಡಬಹುದು. ಟೀಚರಿಗೆ ಪಾಠ ಬೇಕಾಗುವುದು ಗುಬ್ಬಿಯಂಥ ಮಗು ಎದುರಿಗೆ ನಿಂತಾಗ. ತಮ್ಮ ಲೆಕ್ಕದಲ್ಲಿ ಅದು ಬೇಕಾಗುವುದು ಕೋರ್ಸು ಮುಗಿಯುವವರೆಗೆ ಮಾತ್ರ. ಕೋರ್ಸು ಮುಗಿದ ಮೇಲೆ ಮಗು ತೊದಲಿದರೆ ತಪ್ಪು ಮಗುವಿನದೇ? ತಾವು ಇಷ್ಟೆಲ್ಲ ಖರ್ಚು ಮಾಡಿ ಪಾಠ ತಯಾರಿಸಿ, ಅದನ್ನು ಯಾರು ಕೇಳಿದರು ಎಂದು ನೋಡದೆ, ಗುಂಡಿ ಯಾರಾದರೂ ಒತ್ತಿದರೆ ಸಾಕು ಎಂದು ಕೂತಿರಿ. ಪಾಠ ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ, ಹೇಳುವ ಯೋಗ್ಯತೆ ನನಗಿಲ್ಲ, ನಾನು ಕೇಳಿಸಿಕೊಂಡಿದ್ದರೆ ತಾನೆ? ಆದರೆ ತಮ್ಮ ಪರದೆ ನನ್ನನ್ನು ‘ಇದ್ದೀರಾ’ ಎಂದು ಕೇಳಿತೇ ಹೊರತು ‘ಯಾರು ನೀವು’ ಎಂದು ಒಮ್ಮೆಯೂ ಕೇಳಲಿಲ್ಲ. ಗುಬ್ಬಿಗೂ ಆದದ್ದು ಇದೇ ಅಲ್ಲವೇ? ಅವಳು ಬಾಯಿಪಾಠ ಒಪ್ಪಿಸಿದಳು, ನಾವು ಓದು ಎಂದುಕೊಂಡೆವು. ನಾನು ಗುಂಡಿ ಒಪ್ಪಿಸಿದೆ, ತಾವು ಕಲಿಕೆ ಎಂದುಕೊಂಡಿರಿ. ಅವಳಿಗಾದರೆ ಆರು ವರ್ಷ. ನಮಗಿಬ್ಬರಿಗೆ ಏನಾಗಿತ್ತು?

ಆ ಮಾದರಿ ಪಾಠ ನೋಡಿ ತಾವು ಹೊರಡಿಸಿದ ಆದೇಶದಿಂದ ಈಗ ಆ ಕೋಣೆಯಲ್ಲಿ ಟೀಚರಿಲ್ಲ. ಎರಡನೇ ತರಗತಿಯ ಟೀಚರ್ ನಡುವಿನ ಬಾಗಿಲು ತೆಗೆದಿಟ್ಟು ಎರಡೂ ಕಡೆ ಗದ್ದಲ ಅಡಗಿಸುತ್ತಾರೆ. ನನ್ನ ಹೆಂಡತಿ ಗೋಡೆಯ ಆಚೆ ಕಾಗದಗಳಿಗೆ ತೂತು ಹಾಕಿ ದಾರ ಕಟ್ಟುತ್ತಾಳೆ. ಮುಂದಿನ ತಂಡದ ತರಬೇತಿ ಶುರುವಾಗುವುದು ಬೇಸಿಗೆ ರಜೆ ಮುಗಿದ ಮೇಲಂತೆ. ಅಷ್ಟರಲ್ಲಿ ಗುಬ್ಬಿ ಎರಡನೇ ತರಗತಿಗೆ ಹೋಗಿರುತ್ತಾಳೆ, ಅಲ್ಲಿ ಬೇರೆ ಪುಸ್ತಕ, ಬೇರೆ ಆಡು. ಅವಳು ಎಲ್ಲಿ ಜಾರಿದಳು ಎಂದು ಗೊತ್ತಿರುವುದು ಈಗ ನನ್ನ ಹೆಂಡತಿಯೊಬ್ಬಳಿಗೆ. ಅವಳನ್ನೇ ತಾವು ಗೋಡೆಯ ಆಚೆ ಕೂರಿಸಿದ್ದೀರಿ.

ಮೊನ್ನೆ ಗುಬ್ಬಿ ಅಪ್ಪನ ಜೊತೆ ಅಂಗಡಿಗೆ ಬಂದಿದ್ದಳು. ಗಡ್ಡ ಅಪ್ಪನಿಗೆ, ಅವಳು ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಅಂಚೆಯಣ್ಣ, ‘ಏನೇ ಗುಬ್ಬಿ, ಆಡು ಎಲ್ಲಿ ಹೋಯ್ತು?’ ಎಂದು ಪ್ರೀತಿಯಿಂದಲೇ ಕೇಳಿದ. ಅವಳು ತಲೆ ತಗ್ಗಿಸಿದಳು. ನಾನು ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಬಂದು ನನ್ನ ಬೆಲೆಪಟ್ಟಿಯ ಕೆಳಗೆ ನಿಂತು, ಕತ್ತೆತ್ತಿ, ಮೊದಲನೇ ಅಕ್ಷರದ ಕಡೆ ಬೆರಳು ಮಾಡಿದಳು.

‘ಅಂಕಲ್, ಇದು ಏನು?’

ಕತ್ತಿ ಅಪ್ಪನ ಗಲ್ಲದ ಮೇಲೇ ನಿಂತಿತು. ಅದು ‘ಕ’. ಅಷ್ಟು ನನಗೂ ಗೊತ್ತು. ಆದರೆ ಹೇಳಿಬಿಡಬೇಕೋ, ಅವಳೇ ಊಹಿಸಲಿ ಎಂದು ಕಾಯಬೇಕೋ, ಅವಳಿಗೆ ಗೊತ್ತಿರುವ ಯಾವುದಾದರೂ ಪದದಿಂದ ಹತ್ತಿರ ತರಬೇಕೋ? ಈಗ ನಾನು ತಪ್ಪು ದಾರಿ ಹಿಡಿಸಿದರೆ ಇದನ್ನೂ ಅವಳು ಬಾಯಿಪಾಠ ಮಾಡಿಕೊಂಡುಬಿಡುತ್ತಾಳೋ? ಇದರ ಬಗ್ಗೆ ತಮ್ಮ ಪಾಠದಲ್ಲಿ ಏನೋ ಇತ್ತು. ಖಂಡಿತ ಇತ್ತು. ನಾಲ್ಕು ಉತ್ತರಗಳಿದ್ದವು, ನಾವು ಅತಿ ಉದ್ದನೆಯದನ್ನು ಒತ್ತಿದ್ದೆವು.

‘ನಿಮ್ಮ ಟೀಚರ್‌ನ ಕೇಳು ಮಗಳೇ. ಅವರು ಚೆನ್ನಾಗಿ ಹೇಳಿಕೊಡ್ತಾರೆ’ ಅಂದೆ.

‘ಟೀಚರ್ ಆಫೀಸಲ್ಲಿ ಇದಾರೆ. ನಾವು ಆ ಬಾಗಿಲ ಹತ್ರ ಹೋಗಬಾರದಂತೆ.’

ಆದ್ದರಿಂದ ನನ್ನ ಬೇಡಿಕೆ ಇದು. ಬೇಡಿಕೆ ಇಡುವ ಮುಖ ನನಗಿಲ್ಲ, ಆದರೆ ಗುಬ್ಬಿಗೆ ಇದೆ, ಅವಳ ಪರವಾಗಿ ಕೇಳುತ್ತೇನೆ. ನಾಳೆ ಬೆಳಗ್ಗೆ ಆ ಬಾಗಿಲು ತೆಗೆಸಿ ಟೀಚರನ್ನು ಅವರ ಮಕ್ಕಳ ಬಳಿಗೆ ಕಳಿಸಿ. ಬೀಗ ಹಾಕಿರುವ ಆ ಒಂದು ಪಾಠವನ್ನು ನನ್ನ ಹೆಂಡತಿಗೆ ತೆರೆದುಕೊಡಿ, ಅದನ್ನು ಬೆಳಕಿರುವಾಗ, ಕಣ್ಣು ತೆರೆದುಕೊಂಡು ನೋಡಲು ಶಾಲೆಯ ಹೊತ್ತಿನಲ್ಲೇ ಒಂದು ಗಂಟೆ ಕೊಡಿ, ಆ ಗಂಟೆ ಮಕ್ಕಳನ್ನು ನೋಡಿಕೊಳ್ಳಲು ಯಾರನ್ನಾದರೂ ಕಳಿಸಿ. ನೆಲದ ಮೇಲೆ ಕೂತ ಆ ಯುವ ಅಧಿಕಾರಿಯನ್ನು ಕಳಿಸಿದರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಬೇಡ, ಹಾಳೆಗಳನ್ನು ಮಾತ್ರ ತರಲಿ, ನನ್ನ ಹೆಂಡತಿಯ ಪಕ್ಕದಲ್ಲಿ ಕೂತು ಗುಬ್ಬಿಯ ಓದು ಕೇಳಲಿ. ಶಿಕ್ಷೆ ಯಾರಿಗಾದರೂ ಆಗಲೇಬೇಕು ಎಂಬುದು ತಮ್ಮ ನಿಯಮವಾದರೆ ನನಗೆ ಕೊಡಿ. ಕೋರ್ಸನ್ನು ಮೊದಲಿನಿಂದ ನಾನು ಮಾಡುತ್ತೇನೆ, ಅಂಗಡಿ ಮುಚ್ಚಿ, ಕೈ ತೊಳೆದು, ದರ್ಜಿಯ ಟೇಪನ್ನು ಅವನಿಗೆ ವಾಪಸು ಕೊಟ್ಟು. ತೊಂಬತ್ತೆಂಟು ಅಂಕದ ಸರ್ಟಿಫಿಕೇಟನ್ನು ಈ ಪತ್ರದ ಒಂದು ಪ್ರತಿಯ ಜೊತೆಗೆ ತಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಅದನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ್ದೆ, ಬೆಲೆಪಟ್ಟಿಯ ಪಕ್ಕದಲ್ಲಿ. ಗಾಜು ಮಾತ್ರ ನಾನು ಇಟ್ಟುಕೊಂಡಿದ್ದೇನೆ, ಅಂಚೆಯಲ್ಲಿ ಒಡೆಯುತ್ತದೆ ಎಂದು ಅಂಚೆಯಣ್ಣ ಹೇಳಿದ.

ಇನ್ನೊಂದು ಮಾತು. ಈ ಪತ್ರಕ್ಕೆ ಉತ್ತರ ಬರದಿದ್ದರೆ ನಾನು ಮತ್ತೆ ಮೊದಲಿನಿಂದ ಬರೆಯುತ್ತೇನೆ. ಈ ಪದ್ಧತಿಯನ್ನು ನಾನು ಕಲಿತದ್ದು ತಮ್ಮಿಂದಲೇ. ಆ ಕುರ್ಚಿಯಲ್ಲಿ ನೀವು ಇನ್ನೂ ಇದ್ದೀರಾ?

ಇಂತಿ,
ತಮ್ಮ ತರಬೇತಿಯಲ್ಲಿ ಉನ್ನತ ಶ್ರೇಣಿ ಪಡೆದು, ಒಂದು ಮಗುವಿಗೆ ಒಂದು ಅಕ್ಷರ ಹೇಳಲಾಗದೆ ನಿಂತ,
ಶಾಲೆಯ ಬೀದಿಯ ತುದಿಯಂಗಡಿಯ ಕ್ಷೌರಿಕ
(ಹೌದು, ಇದ್ದೇನೆ)